ಟ್ರಂಕಿನೊಳಗಿನ ಗಾಳಿ

ದಹಿಸರ್,
೧೬ ಜೂನ್ ೨೦೨೪

ಪ್ರೀತಿಯ ಸೌಮ್ಯಾ,

ನೀ ಸಿಟ್ಟಾಗಿರತಿ ಅಂತ ಗೊತ್ತದ. ಯುಗಾದಿಗೆ ನೀ ಬರದ ಪತ್ರಕ್ಕ ಮಳಿ ಶುರುವಾದಮ್ಯಾಲ ಉತ್ತರ ಬರೀಲಿಕ್ಕತ್ತೀನಿ. ಫೋನ್ ಮಾಡಬಹುದಿತ್ತು, ಖರೆ. ಆದರ ನೀ "ಹೆಂಗಿದ್ದಿ" ಅಂದಕೂಡಲೇ ನಾ "ಆರಾಮ" ಅಂದುಬಿಡತೀನಿ, ಮಾತು ಅಲ್ಲಿಗೇ ಮುಗೀತದ. ಅದಕ್ಕ ಪೆನ್ನು ಹಿಡದೀನಿ.

ಇವರಿಗೆ ಲೋಕಲ್ ಟ್ರೇನಿನಾಗ ನಿಂತು ನಿಂತು ಮೊಣಕಾಲ ನೋವು ಹೆಚ್ಚಾಗೇದ. ಅದನ್ನ ಬಿಟ್ಟರ ಎಲ್ಲಾರೂ ಚಲೋ ಇದ್ದೀವಿ. ನನ್ನ ಕಿಶೋರ ಈಗ ನನ್ನ ಕಾಲೇಜಿನೊಳಗ, ನನ್ನ ಕ್ಲಾಸಿನೊಳಗೇ ಇದ್ದಾನ. ಮನ್ಯಾಗ ಅಮ್ಮಾ, ಅಲ್ಲಿ ಮ್ಯಾಡಮ್.

ಈ ವರ್ಷ ಅವನ ಕ್ಲಾಸಿಗೆ ಡಿಸೈನ್ ಕಲಸೋದು ನನ್ನ ಪಾಲಿಗೆ ಬಂತು. ಹುಬ್ಬಳ್ಳಿಯೊಳಗ ನಾವಿಬ್ಬರೂ ಬರೇ ಬೋರ್ಡಿನ ಮ್ಯಾಲಿನ ಚಿತ್ರಾ ನೋಡಿ ಇಂಜಿನಿಯರ್ ಆದವರು, ನೆನಪದ ಅಲ್ಲಾ? ಹಂಗ ಕಲಸೋದು ನನಗ ಬ್ಯಾಡಾಗಿತ್ತು. ಖರೇ ಮನುಷ್ಯಾರನ್ನ ಹುಡುಕ್ರಿ, ಅವರಿಗೆ ಏನು ಬೇಕು ಕೇಳ್ರಿ, ಬಿಸಿಲಿನ ಮ್ಯಾಲ ನಡಿಯೋ ವಸ್ತು ಒಂದು ಮಾಡಿ ಅವರ ಕೈಯಾಗ ಕೊಡ್ರಿ, ಕೆಟ್ಟರ ಮತ್ತ ಮಾಡ್ರಿ ಅಂದೆ. ಕಿಶೋರ, ಹಿತೇಶ್, ಶೀತಲ್ ಅಂತ ಒಬ್ಬ ಹುಡುಗಿ, ಈ ಮೂವರು ಪವಾಯಿಯ ಕಡೆ ಬಿಲ್ಡಿಂಗ್ ಕಟ್ಟತಿದ್ದ ಒಂದು ಜಾಗಾಕ್ಕ ಹೋದರು. ಅಲ್ಲಿ ಕೆಲಸದವರ ಕ್ಯಾಂಪು, ಎಲ್ಲಾ ತಗಡಿನ ಪತ್ರಾದ ಖೋಲಿ. ಬಹಳ ಮಂದಿ ನಮ್ಮ ವಿಜಯಪುರದ ಕಡಿಯವರು. ತಾಯಂದಿರು ಕೆಲಸಕ್ಕ ಹೋದಾಗ ಸಣ್ಣ ಮಕ್ಕಳನ್ನ ರಾಚವ್ವ ಅನ್ನೋ ಹಿರೇ ಹೆಂಗಸು ನೋಡಕೋತಿದ್ದಳು. ಹಗಲು ಅಲ್ಲಿ ಕರೆಂಟ್ ಇಲ್ಲ. ಮಧ್ಯಾಹ್ನ ಪತ್ರಾ ಕಾದು ಮಕ್ಕಳು ಮಲಗಲಾರದ ಅಳತಿದ್ದವು.

ಕನ್ನಡ ಬರೋದು ಕಿಶೋರಗ ಒಬ್ಬನಿಗೇ. ಅವನ ಕನ್ನಡ ನಿನಗ ಗೊತ್ತದ, ಅರ್ಧಾ ಹಿಂದಿ. ರಾಚವ್ವ ನಕ್ಕೋತ ತಿದ್ದತಿದ್ದಳಂತ. ಮೊದಲ ಇವರು ಸಿಮೆಂಟಿನ ಕಟ್ಟಿ, ಅದರ ಮ್ಯಾಲ ಕಂಬ, ಕಂಬದ ತುದಿಗೆ ಸೋಲಾರ್ ಪ್ಲೇಟು ಅಂತ ಚಿತ್ರಾ ತಗೊಂಡು ಹೋದರು. ಬಿಲ್ಡಿಂಗ್ ಮುಗದಮ್ಯಾಲ ನಾವು ಬ್ಯಾರೆ ಕಡೆ ಹೋಗತೀವಿ, ಆವಾಗ ಇದಕ್ಕ ಏನು ಮಾಡಬೇಕು ಅಂತ ಆಕಿ ಕೇಳಿದಳು. ಬಂದವರೇ ಮತ್ತ ಮೊದಲಿಂದ ಶುರು ಮಾಡಿದರು. ಕಡಿಗೆ ಆದದ್ದು ಒಂದು ಟ್ರಂಕು. ಮುಚ್ಚಳದ ಮ್ಯಾಲ ಪ್ಲೇಟು, ಒಳಗ ಬ್ಯಾಟರಿ, ಎರಡು ಫ್ಯಾನು. ಇಬ್ಬರು ಹೆಣಮಕ್ಕಳು ಎತ್ತೂವಷ್ಟೇ ವಜನ ಇರಬೇಕು ಅಂತ ಶೀತಲ್ ಹಟ ಹಿಡದು ಅರ್ಧಾ ಕಬ್ಬಿಣ ತಗಸಿದಳು. ಒಂದು ಸಲ ವೈರು ಸುಟ್ಟು ವರ್ಕ್‌ಶಾಪ್ ತುಂಬ ಹೊಗಿ ಆತು. ಮೂವರಿಗೂ ಊಟದ ಖಬರಿಲ್ಲ.

ಟ್ರಂಕು ಕ್ಯಾಂಪಿನಾಗ ಮೊದಲ ಸಲ ಚಾಲೂ ಆದ ದಿನ ನಾನೂ ಹೋಗಿದ್ದೆ. ಫ್ಯಾನ್ ತಿರಗಲಿಕ್ಕೆ ಹತ್ತಿದಮ್ಯಾಲ ಅಳೋ ಮಕ್ಕಳು ಒಂದೊಂದೇ ಸುಮ್ಮನಾದವು. ರಾಚವ್ವನ ಮೊಮ್ಮಗ ಬಸು ಬಾಯಿ ತಕ್ಕೊಂಡು ಮಲಗಿಬಿಟ್ಟ. ಕಿಶೋರ ಬಾಗಲಾಗ ನಿಂತಿದ್ದ. ಅವನ ಮಾರಿ ಹಂಗ ಬೆಳಗಿದ್ದು ನಾ ಎಂದೂ ನೋಡಿದ್ದಿಲ್ಲ.

ಏಪ್ರಿಲ್‌ನಾಗ ಕಾಲೇಜಿಗೆ ತಪಾಸಣಿ ಕಮಿಟಿ ಬರೋದಿತ್ತು. ಟ್ರಂಕು ಎರಡು ದಿನ ತೋರಸಲಿಕ್ಕೆ ಬೇಕು ಅಂತ ನಮ್ಮ ಪ್ರಿನ್ಸಿಪಾಲ್ ಧನರಾಜ್ ಸರ್ ತರಿಸಿಕೊಂಡರು. ಲಾಬಿಯೊಳಗ ಗಾಜಿನ ಪೆಟಗಿ ಮಾಡಿಸಿ ಒಳಗಿಟ್ಟು ಮ್ಯಾಲ ಹಾರಾ ಬ್ಯಾರೆ. ಕಮಿಟಿ ಬಂತು, ಹೋತು, ಟ್ರಂಕು ಅಲ್ಲೇ ಉಳೀತು. ಕೇಳಿದರ, ಅದು ಕಾಲೇಜಿನ ಸಾಮಾನು ಅಂತ ದಾಖಲಾಗೇದ, ಮ್ಯಾನೇಜ್‌ಮೆಂಟ್ ಒಪ್ಪಬೇಕು ಅಂದರು. ಮತ್ತ ಕೇಳಿದೆ. ಸಿಟ್ಟಿಲೆ ಕೇಳಿದೆ, ಕೈ ಮುಗದು ಕೇಳಿದೆ. ನಿಮ್ಮ ಕಾಳಜಿ ತಿಳೀತದ ಮ್ಯಾಡಮ್ ಅಂತ ಚಹಾ ಕುಡಿಸಿ ಕಳಸತಿದ್ದರು. ಒಮ್ಮೆ ಹಿತೇಶನ್ನ ಕರಕೊಂಡು ನಾನೇ ಅದನ್ನ ಎತ್ತಿಕೊಂಡು ಹೊಂಟೆ. ಚೀಟಿ ಇಲ್ಲದ ಬಿಡೂದಿಲ್ಲ ಅಂತ ಗೇಟಿನಾಗ ತಡದರು. ಎಲ್ಲಾರೂ ನೋಡತಿದ್ದರು. ವಾಪಸ್ ಇಟ್ಟು ಬಂದೆವು.

ಹೊರಗ ಬಿಸಲು ಹೆಂಗಿತ್ತಂದಿ! ಆ ದಿನಗಳಾಗ ರಾಚವ್ವನ ಫೋನ್ ಬಂತು. ಬೇಕು ಅನ್ನಲಿಲ್ಲ ಆಕಿ. ಸಣ್ಣ ದನಿಲೆ ಕೇಳಿದಳು, "ಬಾಯಾರ, ನಮ್ಮಿಂದ ಏನರ ತಪ್ಪ ಆಗೇತೇನ್ರಿ?" ಇಲ್ಲವಾ, ಬರೂ ವಾರ ತರತೀವಿ ಅಂದೆ.

ಜೂನ್‌ನಾಗ ಮ್ಯಾನೇಜ್‌ಮೆಂಟ್ ಒಪ್ಪಿದ ಕಾಗದಾ ಕೈಗೆ ಬಂತು. ಹಿತೇಶ್, ಶೀತಲ್, ನಾನು ಟೆಂಪೋದಾಗ ಹಾಕಿಕೊಂಡು ಹೋದೆವು. ಕಿಶೋರ ಬರಲಿಲ್ಲ. ಅಲ್ಲಿ ಕ್ಯಾಂಪ್ ಇರಲಿಲ್ಲ. ಪತ್ರಾ ಎಲ್ಲಾ ಕಿತ್ತು ಒಯ್ದಿದ್ದರು, ಒಲಿ ಹೂಡಿದ ಕಲ್ಲು ಅಷ್ಟೇ ಉಳದಿದ್ದವು. ವಾಚ್‌ಮನ್‌ನ ಕೇಳಿದರ, ಪನವೇಲ್ ಕಡೆ ಇರಬೇಕು, ಇಲ್ಲಾ ಪುಣೆ ಅಂದ. ರಾಚವ್ವನ ಫೋನ್ ಹತ್ತೋದಿಲ್ಲ. ಹಿತೇಶ್ ಸುತ್ತಲಿನ ಸೈಟೆಲ್ಲಾ ಕೇಳಿ ಬಂದಾನ. ಶೀತಲ್ ಟೆಂಪೋದಾಗ ಕೂತಾಕಿ ಇಳೀಲೇ ಇಲ್ಲ. ಟ್ರಂಕು ಈಗ ನಮ್ಮ ಮನಿ ಗ್ಯಾಲರಿಯೊಳಗದ. ಎಲ್ಲಿಗೆ ಒಯ್ಯಲಿ, ಯಾರಿಗೆ ಕೇಳಲಿ, ನನಗ ತಿಳೀವಲ್ದು.

ಸಾಕು. ನಿನ್ನ ಅತ್ತಿಯವರಿಗೆ ಕಣ್ಣಿನ ಆಪರೇಶನ್ ಚಂದಾಗಿ ಆಗಲಿ, ಮಕ್ಕಳು ನಕ್ಕೋತ ಇರಲಿ. ಮಕ್ಕಳಿಬ್ಬರ ತಲಿಮ್ಯಾಲ ನನ್ನ ಕೈ ಸದಾ ಅದ ಅಂತ ಹೇಳು.

ನಿನ್ನ,
ಪ್ರಫುಲ್ಲಾ

ತಾ.ಕ.: ಒಂದು ಮಾತು ಬರೀಬಾರದು ಅಂತಿದ್ದೆ. ಕಮಿಟಿ ಬಂದ ದಿನ ಅವರೊಳಗ ಒಬ್ಬರು, ಇದು ಈಗ ಉಪಯೋಗದಾಗ ಅದ ಏನು ಅಂತ ಕೇಳಿದರು. ಹಿತೇಶ್ ತಲಿ ಬಗ್ಗಿಸಿದ. ಕಿಶೋರ ಮೈಕ್ ತಗೊಂಡು, ಇದು ಬರೇ ನಮೂನಾ ಸರ್, ಇಂಥಾದ್ದೇ ಇನ್ನೊಂದು ಕ್ಯಾಂಪಿನಾಗ ನಡದದ, ಈ ಹೊತ್ತಿನಾಗ ಅದರ ಗಾಳಿಗೆ ಮಕ್ಕಳು ಮಲಗಿರತಾವ ಅಂದ. ಎಷ್ಟು ಚಂದ ಅಂದ ಸೌಮ್ಯಾ, ಒಂದು ಶಬ್ದ ತಡವರಸಲಿಲ್ಲ. ಎಲ್ಲಾರೂ ಚಪ್ಪಾಳೆ ಹೊಡದರು. ಮುಂದಿನ ಸಾಲಿನಾಗ ಕೂತ ನಾನೂ ಹೊಡದೆ. ಮನಿಗೆ ಬಂದು, ಯಾಕ ಹಂಗ ಅಂದಿ ಅಂತ ಕೇಳಿದೆ. "ನೀನೂ ಚಪ್ಪಾಳೆ ಹೊಡದಿ ಅಲ್ಲಾ ಅಮ್ಮಾ" ಅಂದ, ತಾಟು ತೊಳದಿಟ್ಟು ಒಳಗ ಹೋದ. ಅವನ ದನಿಯೊಳಗ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರ ನಾ ಇಷ್ಟು ಹೆದರತಿದ್ದಿಲ್ಲ.