ಎರಡನೇ ರಾಕ್ಷಸ

11 ಫೆಬ್ರವರಿ 2023

ಬೆಳಿಗ್ಗೆ ಒಂದು ಸಾವು, ಒಂದು ಸೀರೆ ಸೇಲು. ಎರಡನ್ನೂ ನಂಜನಗೂಡಿನ ಬೀದಿಬೀದಿಯಲ್ಲಿ ಆಟೋದಲ್ಲಿ ಕೂತು ಮೈಕಿನಲ್ಲಿ ಸಾರಿದೆ. ಹೂವಿನಂಗಡಿ ಮುತ್ತಮ್ಮ ಕೈ ಅಡ್ಡ ಹಿಡಿದು ಆಟೋ ನಿಲ್ಲಿಸಿದಳು. "ಸಾವಿನ ಸುದ್ದಿಯ ಅಷ್ಟು ಜೋರಾಗಿ ಕೂಗ್‌ಬ್ಯಾಡ ಕಣಪ್ಪ ಶಂಭುಲಿಂಗಪ್ಪ, ಸತ್ತೋರು ಎದ್ದು ಬಂದಾರು!"

ಏನು ಮಾಡಲಿ? ನಾಟಕದ ಗಂಟಲು. ಅಜ್ಜ ರಾಜಪಾರ್ಟು, ಅಪ್ಪ ರಾಜಪಾರ್ಟು, ನಾನು ರಾಕ್ಷಸ. ಪಿಸುಮಾತಾಡುವುದನ್ನು ನಮ್ಮ ಮನೆಯಲ್ಲಿ ಯಾರೂ ಕಲಿಸಲಿಲ್ಲ.

ಮಧ್ಯಾಹ್ನ ಬಸ್ಸು ಹಿಡಿದು ಹೆಮ್ಮಿಗೆಗೆ. ಮುಚ್ಚಿಹೋದ ಅಕ್ಕಿ ಗಿರಣಿಯೇ ನಮ್ಮ ಪ್ರಾಕ್ಟೀಸ್ ಹಾಲು. ಪ್ರಸಾದ್ ಗಿಟಾರ್ — ಟಿ. ನರಸೀಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಶಿವು ಡ್ರಮ್ — ತಮಟೆಯಿಂದ ಬಂದ ಕೈ. ನಾನು ಗಂಟಲು. ಬ್ಯಾಂಡಿಗೆ ಹೆಸರು 'ನಂಜು'. ಹೆಸರಿಟ್ಟವನೂ ನಾನೇ.

ಪ್ರಸಾದ್ ಫೋನಿನಲ್ಲಿ ಕೆನಡಾದ ಹುಡುಗರ ವಿಡಿಯೋ ತೋರಿಸಿದ. ಯಾರದೋ ಗ್ಯಾರೇಜಿನಲ್ಲಿ ಕೂಗಾಡುತ್ತಿದ್ದವರು. ಈಗ ಸ್ಟೇಡಿಯಂ ತುಂಬ ಜನ.

"ಇದು ಹಾಡೇನೋ?" ಅಂದೆ. "ಹೊಟ್ಟೆನೋವು ಬಂದವರ ಹಾಗೆ ಅರಚುತ್ತಾರಲ್ಲೋ."

"ಪಂಕ್ ಕಣಣ್ಣ ಇದು. ಇದ್ಕೆ ರಾಗ ಬ್ಯಾಡ, ಸಿಟ್ಟು ಬೇಕು. ಅವ್ರು ಕೂಗುದ್ರೆ ಪಂಕು, ನೀನು ಕೂಗುದ್ರೆ ಬರೀ ನಾಟ್ಕವಾ? ಅವ್ರ ಗ್ಯಾರೇಜು, ನಮ್ಮ ಗಿರಣಿ. ಏನ್ ಯತ್ವಾಸ?"

ಭಲೇ! ಆ ಮಾತಿಗೆ ಗಿರಣಿಯ ತಗಡು ಅದುರುವಂತೆ ಅಬ್ಬರಿಸಿದೆ. ಮೇಲಿದ್ದ ಪಾರಿವಾಳಗಳೆಲ್ಲ ಹಾರಿಹೋದವು.

26 ಮಾರ್ಚ್

ಮೊದಲ ಶೋ. ನರಸೀಪುರದ ಕಾಲೇಜು ಮೈದಾನ.

ನಾನು ಒಂದೇ ಷರತ್ತು ಹಾಕಿದ್ದೆ. ನಾಟಕದ ಕ್ರಮ ಬಿಡುವುದಿಲ್ಲ. ಮುಖಕ್ಕೆ ರಾಕ್ಷಸನ ಬಣ್ಣ. ತೆರೆಯ ಹಿಂದಿನಿಂದಲೇ ಮೊದಲ ಅಬ್ಬರ, ಆಮೇಲೆ ತೆರೆ ಕಳಚಿ ಬಿದ್ದು ವೇಷ ಕಾಣಬೇಕು. ಬಣ್ಣವಿಲ್ಲದ ಮುಖವನ್ನು ಜನ ನೋಡಕೂಡದು, ಫೋಟೋ ಕೂಡದು. ನೋಡಿದರೆ ವೇಷ ಸತ್ತಿತು ಎಂದು ಅಜ್ಜ ಹೇಳುತ್ತಿದ್ದರು. ಪ್ರಸಾದ್ ಕುಣಿದಾಡಿಬಿಟ್ಟ. "ಸೂಪರ್ ಕಣಣ್ಣ, ಮಿಸ್ಟ್ರಿ ಇರ್ತದೆ!"

ಬಣ್ಣ ಬರೆದದ್ದು ಚನ್ನಯ್ಯ ಮಾವ. ಅವ್ವನ ತಮ್ಮ. ಈ ಸೀಮೆಯ ರಾಕ್ಷಸರೆಲ್ಲ ಅವರ ಕೈಯಲ್ಲಿ ಹುಟ್ಟಿದವರು. ಎಡಹುಬ್ಬಿನ ತುದಿ ಮಾತ್ರ ಅವರಿಗೆ ಯಾವತ್ತೂ ನೆಟ್ಟಗೆ ಬರುವುದಿಲ್ಲ. ಸ್ವಲ್ಪ ಸೊಟ್ಟ, ಚೇಳಿನ ಕೊಂಡಿಯ ಹಾಗೆ. ಕೇಳಿದರೆ, "ಅದು ನನ್ ಸಯ್ನು ಕಣ್ಲಾ," ಅನ್ನುತ್ತಾರೆ.

ಹಾಡಿದ್ದು 'ಕುಡಿ ಕುಡಿ'. ನನ್ನದೇ ಸಾಹಿತ್ಯ — ಬೈಗುಳ ಕುಡಿದೆ, ಭರವಸೆ ಕುಡಿದೆ, ಇನ್ನೆಷ್ಟು ಕುಡಿಸ್ತೀಯೋ ಎಲವೋ ದೊರೆಯೇ! ತೆರೆ ಬಿದ್ದದ್ದೇ ತಡ, ಶಿಳ್ಳೆ. ಮುಗಿದ ಮೇಲೆ ಒಂದೇ ಕೂಗು: ಒನ್ಸ್ ಮೋರ್! ನಮ್ಮ ಕಡೆ ಒನ್ಸ್ ಮೋರ್ ಎಂದರೆ ತಮಾಷೆಯಲ್ಲ. ಮತ್ತೆ ಹಾಡಲೇಬೇಕು. ಹಾಡಿದಂತೆಯೇ ಹಾಡಿದರೆ ಮಾನ ಹೋಯಿತು. ಎಳೆಯಬೇಕು, ತಿರುಗಿಸಬೇಕು, ಕೂಗಿದವನ ಹೆಸರನ್ನೇ ಹಿಡಿದು ಹಾಡಿನೊಳಗೆ ಹಾಕಬೇಕು. "ಬೆಟ್ಟಯ್ಯ ಕೇಳ್ತಾವ್ನೆ!" ಎಂದು ಯಾರೋ ಕಿರುಚಿದ. ಬೆಟ್ಟಯ್ಯನಿಗೆ ಇನ್ನೆಷ್ಟು ಕುಡಿಸ್ತೀಯೋ ಎಂದು ಎಳೆದೆನಲ್ಲಾ — ಆ ಬೆಟ್ಟಯ್ಯ ಹೆಗಲ ಟವೆಲ್ಲನ್ನು ಗಾಳಿಗೆ ಎಸೆದುಬಿಟ್ಟ.

ಪ್ರಸಾದ್ ತಬ್ಬಿಕೊಂಡ. ಅವನ ಶರ್ಟಿಗೆಲ್ಲ ಕೆಂಪು ಬಣ್ಣ. "ಅಣ್ಣೋ, ನೀನಿಲ್ದೆ ಈ ಬ್ಯಾಂಡೇ ಇಲ್ಲ."

ಬರೆದಿಟ್ಟಿದ್ದೇನೆ. ಅವನ ಮಾತು, ಅಕ್ಷರಕ್ಕಕ್ಷರ.

2 ಆಗಸ್ಟ್

ಎಷ್ಟು ದಿನವಾಯಿತು ಬರೆದು! ಪುರುಸೊತ್ತೇ ಇಲ್ಲ. ತಲಕಾಡಿನ ಮರಳಲ್ಲಿ ತೆಗೆದ ವಿಡಿಯೋ ಊರೂರು ಸುತ್ತಿ ಕೆನಡಾಕ್ಕೂ ಹೋಗಿ ಬಂತು. ಗ್ಯಾರೇಜಿನ ಆ ಹುಡುಗರೇ ಅದನ್ನು ತಮ್ಮ ಪೇಜಿಗೆ ಹಾಕಿಕೊಂಡಿದ್ದಾರೆ. ಬೆಂಗಳೂರಿನ ಮ್ಯೂಸಿಕ್ ಕಂಪನಿಯಿಂದ ನಂದಿತಾ ಮೇಡಂ ಬಂದಿದ್ದರು. ಗಿರಣಿಯಲ್ಲೇ ಮೀಟಿಂಗ್. ಮೂಟೆಯ ಮೇಲೆ ಕೂತರು.

"ನಿಮ್ಮ ವಾಯ್ಸ್ ಇದೆಯಲ್ಲ ಸರ್, ಅಮೇಜಿಂಗ್. ಇಂಟರ್‌ವ್ಯೂ ಕೊಟ್ಟು ಅಭ್ಯಾಸ ಇದೆಯಾ?"

"ಪ್ರಶ್ನೆಯನ್ನು ಎಸೆಯಿರಿ ತಾಯಿ, ಉತ್ತರ ಸಿಡಿಲಾಗಿ ಬೀಳುತ್ತದೆ!" ಎಂದೆ, ಎದ್ದು ನಿಂತು.

ಮೇಡಂ ಪ್ರಸಾದನ ಮುಖ ನೋಡಿದರು. ಪ್ರಸಾದ್ ನೆಲ ನೋಡಿದ. ಶಿವು ಮಾತ್ರ ನಕ್ಕ.

19 ಜನವರಿ 2024

ಎಳನೀರು ಅಂಗಡಿಯ ಟಿವಿಯಲ್ಲಿ ನನ್ನ ಅಬ್ಬರ ಕೇಳಿತು. ಯಾವುದೋ ಕೂಲ್‌ಡ್ರಿಂಕ್ ಜಾಹೀರಾತು. ಹುಡುಗಿಯೊಬ್ಬಳು ಬಾಟಲಿ ಎತ್ತುತ್ತಾಳೆ, ಹಿಂದಿನಿಂದ ನಾನು — "ಕುಡಿ! ಕುಡಿ!" ಬೈಗುಳವಿಲ್ಲ, ಭರವಸೆಯಿಲ್ಲ, ದೊರೆಯಿಲ್ಲ. ಬರೀ ಕುಡಿ.

ಪ್ರಸಾದನಿಗೆ ಫೋನ್ ಮಾಡಿದೆ.

"ಮೇನ್‌ಸ್ಟ್ರೀಮ್ ಅಂದ್ರೆ ಹಂಗೇ ಕಣಣ್ಣ. ಜನಕ್ಕೆ ತಲುಪ್ಬೇಕಲ್ಲ."

"ಸಿಟ್ಟು ಬೇಕು ಅಂದವನು ನೀನಲ್ಲವೇನೋ?"

"ಸಿಟ್ಟು ಐತಲ್ಲಣ್ಣ ವಾಯ್ಸಲ್ಲಿ. ಆಮೇಲೆ ಫೋನ್ ಮಾಡ್ತೀನಿ, ಕಸ್ಟಮರ್ ಅವ್ರೆ."

ಅವನ ಅಂಗಡಿ ಮುಚ್ಚಿ ನಾಲ್ಕು ತಿಂಗಳಾಯಿತು. ಯಾವ ಕಸ್ಟಮರ್?

8 ಮಾರ್ಚ್

ಪ್ರಸಾದ್ ಬಂದಿದ್ದ. ಜೇನುತುಪ್ಪದ ಬಾಟಲಿ ತಂದಿದ್ದ. "ಗಂಟಲು ಕಾಪಾಡ್ಕೊಣ್ಣ. ಬೆಂಗಳೂರು ಶೋ ಕ್ಯಾನ್ಸಲ್ ಆಯ್ತು. ಒಂದಿಷ್ಟು ದಿನ ರೆಸ್ಟ್ ತಕೋ." ಒಳ್ಳೆಯ ಹುಡುಗ. ಸುಮ್ಮನೆ ಸಂಶಯಪಟ್ಟೆ.

ಅವನೆದುರೇ ಎರಡು ಚಮಚ ಕುಡಿದೆ.

16 ಮಾರ್ಚ್

ಮಾವ ಮಧ್ಯಾಹ್ನವೇ ಹೊರಟರು, ಬದನವಾಳಿನ ನೆಂಟರ ಮನೆಗೆಂದು. ಬಗಲಲ್ಲಿ ಬಣ್ಣದ ಪೆಟ್ಟಿಗೆ. "ನೆಂಟರಿಗೆ ಬಣ್ಣ ಯಾಕೆ ಮಾವ?" ಎಂದು ನಗಾಡಿದೆ. ಅವರು ನಗಲಿಲ್ಲ.

17 ಮಾರ್ಚ್

ಅಕ್ಷರ ದೊಡ್ಡದಾಗುತ್ತಿದೆ.

ಟೀ ಅಂಗಡಿ. ಯಾವನೋ ಫೋನು ನೋಡುತ್ತಿದ್ದ. "ನಂಜು ಬ್ಯಾಂಡು ನಿನ್ನೆ ಬೆಂಗ್ಳೂರ್ನ ಎಬ್ಬಿಸ್‌ಬುಟ್ಟವ್ರೆ ಕಣ್ರೀ." ಇಣುಕಿದೆ. ತೆರೆಯ ಹಿಂದಿನಿಂದ ನನ್ನ ಅಬ್ಬರ. ತೆರೆ ಬಿತ್ತು. ಅಲ್ಲಿ ನಿಂತಿದ್ದೆ — ನಾನು! ರಾಕ್ಷಸನ ಬಣ್ಣ, ಕೆಂಪು ಕಣ್ಣು, ಹುರಿ ಮೀಸೆ. ಆದರೆ ಹೊಟ್ಟೆಯಿಲ್ಲ. ಎತ್ತರದ, ತೆಳ್ಳನೆಯ ನಾನು. ಬಾಯಿ ಆಡಿಸುತ್ತಿದ್ದಾನೆ. ಧ್ವನಿ ನನ್ನದು, ಕಂಪನಿಗೆ ಹಾಡಿಕೊಟ್ಟ ರೆಕಾರ್ಡಿಂಗಿನದು. ಹಾಡು ಮುಗಿದ ಮೇಲೆ ಮೈಕು ಹಿಡಿದು ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಹೇಳಿದ. ಯಾರೋ ಬೆಂಗಳೂರಿನ ಮಾಡೆಲ್ ಹುಡುಗ.

ನನ್ನ ಮುಖ ಯಾರಿಗೂ ಗೊತ್ತಿಲ್ಲ. ಗೊತ್ತಾಗಬಾರದು ಎಂದು ಹಠ ಹಿಡಿದವನು ನಾನೇ. ಬಣ್ಣದಡಿ ಯಾರನ್ನು ನಿಲ್ಲಿಸಿದರೂ ಆದೀತು.

ಇದಿಷ್ಟೇ ಆಗಿದ್ದರೆ ಪ್ರಸಾದನ ಕೊರಳಪಟ್ಟಿ ಹಿಡಿದು ಕೇಳುತ್ತಿದ್ದೆ. ಕ್ಯಾಮೆರಾ ಹತ್ತಿರ ಹೋಯಿತು.

ಎಡಹುಬ್ಬಿನ ತುದಿ. ಸೊಟ್ಟ. ಚೇಳಿನ ಕೊಂಡಿ.

18 ಮಾರ್ಚ್

ಮಾವ ಜಗುಲಿಯ ಮೇಲೆ ಕೂತಿದ್ದರು. ಉಗುರಿನ ಸಂದಿನಲ್ಲಿ ಇನ್ನೂ ಕೆಂಪು. ಸುಳ್ಳು ಹೇಳುವ ತೊಂದರೆ ತೆಗೆದುಕೊಳ್ಳಲಿಲ್ಲ.

"ಆ ಮುಖ ನಿಂದೇನ್ಲಾ? ವೇಷದ್ದು. ನಿನ್ ತಾತಂಗೆ ರಾಜನ್ ಮೊಕ ಬರ್ದಿವ್ನಿ, ನಿಂಗೂ ಬರ್ದಿವ್ನಿ, ಅವ್ನ್ಗೂ ಬರ್ದೆ. ಯಾರು ಬಂದು ಕುಂತ್ರೂ ಬರೀತೀನಿ. ಒಂದೇ ನಾಟ್ಕದಲ್ಲಿ ಇಬ್ರು ರಾಜಪಾರ್ಟು ಆಡಕಿಲ್ವಾ? ಮೊದುಲ್ನೇವ್ನು ಸುಸ್ತಾದ್ರೆ ಎರಡ್ನೇವ್ನು ಕಿರೀಟ ಇಕ್ಕೊಂಡು ಬತ್ತಾನೆ. ಜನ ಒಪ್ಪಕಿಲ್ವಾ?"

"ಒಪ್ಪುತ್ತಾರೆ ಮಾವ. ಆದರೆ ಎರಡನೆಯವನು ತನ್ನ ಗಂಟಲಿನಿಂದ ಹಾಡುತ್ತಾನೆ."

ಮಾವ ಎಲೆಗೆ ಸುಣ್ಣ ಹಚ್ಚುತ್ತಾ ಕೂತರು. ಹಚ್ಚಿದ್ದಕ್ಕೇ ಮತ್ತೆ ಹಚ್ಚಿದರು. ಒಳಗಿನಿಂದ ಅವ್ವ ಗುರುಬಸಮ್ಮ ಕೂಗಿದಳು. "ನನ್ ಮಗನ್ ಮೊಕ ಕಿತ್ತು ಇನ್ನೊಬ್ಬುನ್ಗೆ ಮೆತ್ತಿಬುಟ್ಟು ನನ್ ಮನೇಲೇ ಎಲೆ ಹಾಕ್ತಾ ಕುಂತಿದ್ದೀಯಾ? ಎದ್ದೋಗು!"

ಮಾವ ಎದ್ದು ಹೋದರು.

ಪ್ರಸಾದ್ ಫೋನ್ ಎತ್ತಲಿಲ್ಲ. ಸಂಜೆ ಮೆಸೇಜ್ ಬಂತು: 'ಬ್ಯಾಂಡ್ ದೊಡ್ಡದಾಗ್ಬೇಕೋ ಬ್ಯಾಡ್ವೋ ನೀನೇ ಹೇಳಣ್ಣ.'

ಶಿವುವಿನಿಂದ ಅದೂ ಇಲ್ಲ.

14 ಜುಲೈ

ಕೆನಡಾ. ಗ್ಯಾರೇಜಿನ ಹುಡುಗರ ಶೋಗೆ ಮುಂಚೆ ಇವರ ಶೋ. ವಿಡಿಯೋ ನೋಡುವುದಿಲ್ಲ ಎಂದುಕೊಂಡೆ. ನೋಡಿದೆ. ಬಿಳಿ ಜನ ಕುಣಿಯುತ್ತಾ "ಕುಡಿ! ಕುಡಿ!" ಅನ್ನುತ್ತಿದ್ದರು. ಪ್ರಸಾದ್ ಸ್ಟೇಜಿನ ಅಂಚಿಗೆ ಬಂದು ಗಿಟಾರ್ ಎತ್ತಿ ಹಿಡಿದ. ಅವನ ಕಣ್ಣಲ್ಲಿ ನೀರಿತ್ತು.

ನನ್ನ ಗಂಟಲು ಕೆನಡಾ ನೋಡಿತು. ನಾನು ದೇವಸ್ಥಾನದ ಬೀದಿಯಲ್ಲಿ ಸೊಳ್ಳೆಪರದೆ ಸೇಲ್ ಸಾರಿದೆ.

3 ಫೆಬ್ರವರಿ 2025

ನಗಬೇಕೋ ಅಳಬೇಕೋ.

ಶಾಮಿಯಾನದವರು ಪ್ರಚಾರಕ್ಕೆ ಆಟೋ ಬುಕ್ ಮಾಡಿದರು. ಚೀಟಿ ಕೊಟ್ಟರು. ಓದಿದೆ — 'ಜಗದ್ವಿಖ್ಯಾತ ನಂಜು ಬ್ಯಾಂಡ್ ತವರಿಗೆ! ಟಿ. ನರಸೀಪುರ ಮೈದಾನ.' ನಾನು ಯಾರೆಂದು ಅವರಿಗೆ ಗೊತ್ತಿಲ್ಲ.

ಬೇಡ ಎನ್ನಬಹುದಿತ್ತು. ಮೈಕು ಹಿಡಿದೆ. ನರಸೀಪುರದ ಬಸ್‌ಸ್ಟ್ಯಾಂಡಿನ ಮುಂದೆ, ಏನಾಯಿತೋ, ಚೀಟಿ ಮಡಿಚಿಟ್ಟು ಅಬ್ಬರಿಸಿಬಿಟ್ಟೆ — "ಇನ್ನೆಷ್ಟು ಕುಡಿಸ್ತೀಯೋ ಎಲವೋ ದೊರೆಯೇ!" ಬಸ್ಸಿನ ಕಿಟಕಿಗಳಿಂದೆಲ್ಲ ತಲೆಗಳು ಹೊರಬಂದವು. ಕಾಲೇಜು ಹುಡುಗರು ಓಡಿ ಬಂದರು. ಎದೆ ಉಬ್ಬಿತು. ಸುಳ್ಳೇಕೆ ಬರೆಯಲಿ, ಗೊತ್ತಾಯಿತು, ಇವರಿಗಾದರೂ ಗೊತ್ತಾಯಿತು ಎಂದುಕೊಂಡೆ.

ಒಬ್ಬ ಬೆನ್ನು ತಟ್ಟಿದ. "ಸೂಪರ್ ಅಂಕಲ್! ಸೇಮ್ ಟು ಸೇಮ್ ಅವ್ರ ವಾಯ್ಸೇ. ಮಿಮಿಕ್ರಿ ಚೆನ್ನಾಗಿ ಮಾಡ್ತೀರ."

8 ಫೆಬ್ರವರಿ

ಪ್ರಸಾದ್ ಬಂದ. ಹನ್ನೊಂದು ತಿಂಗಳ ಮೇಲೆ. ದೊಡ್ಡ ಕಾರು, ತೆಳ್ಳನೆಯ ಧ್ವನಿ. ಮತ್ತೆ ಜೇನುತುಪ್ಪ.

"ನಾಳೆ ಒಂದಿನ ಬಂದು ಕೂಗ್ಬೇಕು ಕಣಣ್ಣ."

"ಯಾಕೆ? ರೆಕಾರ್ಡಿಂಗ್ ಇದೆಯಲ್ಲ."

"ಬ್ಯಾರೆ ಕಡೆ ಸರಿ ಹೋಯ್ತದೆ. ಇದು ನರಸೀಪುರ. ಒನ್ಸ್ ಮೋರ್ ಅಂತಾರೆ. ಹೆಸರು ಕೂಗ್ತಾರೆ. ಆ ಬೆಟ್ಟಯ್ಯ ಬಂದು ಮುಂದ್ಲ ಸಾಲಲ್ಲೇ ಕುಂತ್ಕತಾನೆ. ಟ್ರ್ಯಾಕು ಬೆಟ್ಟಯ್ಯನ ಹೆಸರು ಎಲ್ಲಿಂದ ಹೇಳ್ತದೆ? ಊರೋರ ಮುಂದೆ ಮಾನ ಹೋಯ್ತದಣ್ಣ."

"ಯಾರ ಮಾನ?"

ಬಾಟಲಿಯನ್ನು ನನ್ನ ಕಡೆ ಸರಿಸಿದ. ಆಮೇಲೆ, ಮೆಲ್ಲಗೆ: "ಹಿಂದ್ಗಡೆ ಕರೀ ತೆರೆ ಕಟ್ಟಿರ್ತೀವಿ. ಅದ್ರ ಹಿಂದೆ ನಿಂತ್ಕ. ನೀನು ಹಾಡು, ಅವ್ನು ಬಾಯಿ ಆಡಿಸ್ತಾನೆ. ಯಾರ್ಗೂ ಕಾಣದಂಗೆ."

"ನಾನಿಲ್ಲದೆ ಈ ಬ್ಯಾಂಡೇ ಇಲ್ಲ ಎಂದಿದ್ದೆ. ನೆನಪಿದೆಯಾ?"

"ಅದ್ಕೇ ಬಂದಿವ್ನಲ್ಲಣ್ಣ." ಮುಖ ಎತ್ತಿ ನೋಡಿ ಅಂದ. ನಾಚಿಕೆಯೂ ಇಲ್ಲದೆ!

ಆಗಲಿ ಎಂದೆ. ಅವ್ವ ಕೈಯಲ್ಲಿದ್ದ ಪಾತ್ರೆ ಕುಕ್ಕಿದಳು. "ಒಪ್ಕೊಂಡ್‌ಬುಟ್ಯಾ? ತೂ!"

ಅವ್ವನಿಗೂ ಏನೂ ಹೇಳಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಪಿಸುಮಾತನ್ನೂ ಆಡದೆ ಸುಮ್ಮನಿದ್ದೇನೆ.

9 ಫೆಬ್ರವರಿ, ಸಂಜೆ. ಸ್ಟೇಜಿನ ಹಿಂದೆ, ಆಟೋದಲ್ಲಿ

ಕನ್ನಡಿ ಆಟೋದ್ದು. ಬಣ್ಣ ಪೇಟೆಯದು. ಕೈ ನನ್ನದು. ನನ್ನ ಮುಖಕ್ಕೆ ನಾನೇ ಬಣ್ಣ ಬರೆದುಕೊಂಡದ್ದು ಇದೇ ಮೊದಲು. ಕೆಂಪು ಸ್ವಲ್ಪ ಹರಡಿದೆ. ಇರಲಿ.

ಮೈದಾನ ತುಂಬಿದೆ. ಸದ್ದು ಕೇಳಿದರೇ ಗೊತ್ತಾಗುತ್ತದೆ. ಒಳಗೆ ಆ ಮಾಡೆಲ್ ಹುಡುಗ ತಯಾರಾಗಿ ನಿಂತಿದ್ದಾನೆ. ಪಾಪ, ನಾನು ಬಣ್ಣ ಹಚ್ಚುವ ಮುಂಚೆ ನನ್ನನ್ನು ಯಾರೋ ಸೌಂಡಿನವನು ಎಂದುಕೊಂಡು ನೀರು ಕೇಳಿದ. ಕೊಟ್ಟೆ.

ಚನ್ನಯ್ಯ ಮಾವ ಆಟೋ ಹತ್ತಿರ ಬಂದರು. ನನ್ನ ಮುಖ ನೋಡಿ ನಿಂತುಬಿಟ್ಟರು.

"ತೆರೆ ಹಿಂದೆ ನಿಲ್ಲೋವ್ನ್ಗೆ ಬಣ್ಣ ಯಾಕ್ಲಾ?"

ಅವರ ಕೈ ತಾನಾಗಿ ಜೇಬಿನ ಕುಂಚಕ್ಕೆ ಹೋಯಿತು. ಹಾಳು ಅಭ್ಯಾಸ.

"ಎಡಹುಬ್ಬು ಸರಿಯಾಗಿಲ್ಲ. ತಾ, ಇತ್ಲಾಗ್ ತಿರುಗು."

"ಮುಟ್ಟಬೇಡಿ ಮಾವ. ನೆಟ್ಟಗಿದೆ."

ಕುಂಚ ಹಿಡಿದೇ ನಿಂತಿದ್ದಾರೆ. ಪ್ರಸಾದನಿಗೆ ಹೋಗಿ ಹೇಳುವುದೂ ಇಲ್ಲ, ಅಲ್ಲಿಂದ ಕದಲುವುದೂ ಇಲ್ಲ.

ಶಿವು ಡ್ರಮ್ ಶುರು ಮಾಡಿದ. ಕರೀ ತೆರೆಯ ಹಗ್ಗ ಎಡಗಡೆಯ ಕಂಬಕ್ಕೆ ಕಟ್ಟಿದೆ. ಒಂದೇ ಗಂಟು, ನನ್ನ ಕೈಗೆ ಎಟುಕುತ್ತದೆ, ಎಳೆದರೆ ತೆರೆ ಬಿತ್ತು. ಮೊದಲ ಸಲ, ಒಪ್ಪಿದ ಹಾಗೆ, ತೆರೆಯ ಹಿಂದೆಯೇ ನಿಂತು ಕೂಗುತ್ತೇನೆ. ಮಾತು ತಪ್ಪಿದ ಎನ್ನಬಾರದು. ಬೆಟ್ಟಯ್ಯ ಮುಂದಿನ ಸಾಲಿನಲ್ಲಿದ್ದಾನೆ, ನೋಡಿ ಬಂದಿದ್ದೇನೆ. ಹೆಗಲ ಮೇಲೆ ಅದೇ ಟವೆಲ್ಲು. ಅವನು ಎದ್ದು ಒನ್ಸ್ ಮೋರ್ ಅಂದಮೇಲೆ —