ಸ್ಟ್ಯಾಂಡಿನಲ್ಲಿರುವ ಶೂಗೆ ಶಹಬ್ಬಾಸ್, ಕಾಲಿನಲ್ಲಿರುವ ಶೂಗೆ ನೋಟಿಸ್

ಒಂದೇ ದಿನ, ಒಂದೇ ಸಹಿಯಲ್ಲಿ ನನಗೆ ಎರಡು ನೋಟಿಸ್ ಕಳಿಸಿದ ಮೇಲ್ವಿಚಾರಣಾಧಿಕಾರಿಗಳೇ,

ಮೊದಲನೇ ನೋಟಿಸಿನಲ್ಲಿ ನಾನು ಕಪ್ಪು ಶೂ ಧರಿಸದೆ ಕೆಲಸಕ್ಕೆ ಬಂದಿದ್ದೇನೆ ಎಂದಿದ್ದೀರಿ. ಎರಡನೆಯದರಲ್ಲಿ ನಾನು ಕಪ್ಪು ಶೂ ಧರಿಸಿ ಕಚೇರಿಯೊಳಗೆ ಓಡಾಡಿದ್ದೇನೆ ಎಂದಿದ್ದೀರಿ. ಎರಡರಲ್ಲೂ ತಾರೀಕು ಒಂದೇ. ಏಳು ದಿನದೊಳಗೆ ಸಮಜಾಯಿಷಿ ಕೊಡದಿದ್ದರೆ ಈ ತಿಂಗಳ ಕೊನೆಗೆ ಗುತ್ತಿಗೆ ಮುಂದುವರಿಸುವುದಿಲ್ಲ ಎಂಬ ಸಾಲು ಮಾತ್ರ ಎರಡರಲ್ಲೂ ಒಂದಕ್ಷರ ಹೆಚ್ಚುಕಮ್ಮಿಯಿಲ್ಲದೆ ಇದೆ. ತಗೊಳ್ಳಿ, ಸಮಜಾಯಿಷಿ. ಲಕೋಟೆಯಲ್ಲಿ ಹಾಕಿ ಕಳಿಸಿದರೆ ಅದು ನಿಮ್ಮ ಮೇಜಿನ ಯಾವ ಕಟ್ಟಿನೊಳಗೆ ಸೇರುತ್ತದೋ ಗೊತ್ತಿಲ್ಲ. ಅದಕ್ಕೇ ಪತ್ರಿಕೆಯಲ್ಲಿ, ಊರೆದುರೇ ಬರೆಯುತ್ತಿದ್ದೇನೆ.

ಮೂರು ತಾಲ್ಲೂಕಿನವರೂ ಓದುವ ಪತ್ರವಾದ್ದರಿಂದ ಹಿನ್ನೆಲೆ ಹೇಳಲೇಬೇಕು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರೂ ಕಡೆ ಪಹಣಿ, ಜಾತಿ ಪ್ರಮಾಣಪತ್ರ, ಪಿಂಚಣಿ ಅರ್ಜಿಗಳಿಗೆಂದು ತೆರೆದ ಸೇವಾ ಕೇಂದ್ರಗಳಿಗೆ ನೀವು ಒಡೆಯರು. ಕೊಪ್ಪದ ಕೇಂದ್ರದ ಎರಡನೇ ಕೌಂಟರಿನಲ್ಲಿ ಆರು ವರ್ಷದಿಂದ ನಿಂತಿರುವ ಗುತ್ತಿಗೆ ನೌಕರಳು ನಾನು. ಜನವರಿಯಲ್ಲಿ ನಿಮ್ಮ ಒಂದು ಸುತ್ತೋಲೆ ಬಂತು: ಸಿಬ್ಬಂದಿ ಸ್ಮಾರ್ಟ್ ಆಗಿ ಕಾಣಬೇಕು, ಹೊಳೆಯುವ ಕಪ್ಪು ಶೂ ಕಡ್ಡಾಯ. ಜೂನ್‌ನಲ್ಲಿ ಇನ್ನೊಂದು ಬಂತು: ಹೊಸದಾಗಿ ಹಾಸಿದ ಬಿಳಿ ಟೈಲ್ಸ್ ಕೆಂಪು ಮಣ್ಣಿನಿಂದ ಹಾಳಾಗುತ್ತಿದೆ, ಸಿಬ್ಬಂದಿಯೂ ಸೇರಿ ಎಲ್ಲರೂ ಪಾದರಕ್ಷೆಯನ್ನು ಹೊರಗೆ ಬಿಡತಕ್ಕದ್ದು. ಎರಡನೆಯದು ಬಂದ ಮೇಲೆ ಮೊದಲನೆಯದು ಸತ್ತಿತು ಎಂದು ನಾವು ತಿಳಿದೆವು. ಸುತ್ತೋಲೆಗೆ ಸಾವಿಲ್ಲವೆಂದು ನಮಗೇನು ಗೊತ್ತು? ಫೋನ್ ಮಾಡಿ ಕೇಳಿದಾಗ ನಿಮ್ಮ ಕಚೇರಿಯಿಂದ ಬಂದ ಉತ್ತರ ಹೀಗಿತ್ತು: "ಶೂ ಹಾಕ್ಕೊಂಡು ಬನ್ನಿ, ಸ್ಟ್ಯಾಂಡಲ್ಲಿ ಬಿಡಿ, ಹತ್ತೂಕಾಲಿಗೆ ಸ್ಟ್ಯಾಂಡಿನ ಫೋಟೊ ತೆಗೆದು ಗ್ರೂಪಿಗೆ ಹಾಕಿ. ಸಾಹೇಬ್ರು ನೋಡ್ತಾರೆ."

ಸಾಹೇಬರು ನೋಡಿದಿರಿ. ಐದು ತಿಂಗಳು ತಪ್ಪದೆ ನೋಡಿದಿರಿ. ನಾಲ್ಕು ಜೊತೆ ಶೂ ಕಂಡರೆ ನಾಲ್ಕು ಜನ ಹಾಜರು ಎಂದು ಹೆಬ್ಬೆರಳು ಎತ್ತಿದಿರಿ. ಮುಖ ನೋಡಿ ಹಾಜರಿ ಹಾಕುವ ಕಾಲ ಮುಗಿಯಿತು, ಈಗ ಖಾಲಿ ಶೂ ನೋಡಿ ಹಾಕುವ ಕಾಲ. ನಿಮಗೊಂದು ಸತ್ಯ ಹೇಳುತ್ತೇನೆ, ಅವನ ಒಪ್ಪಿಗೆ ಪಡೆದೇ ಹೇಳುತ್ತೇನೆ. ಒಂದನೇ ಕೌಂಟರಿನ ಯೋಗೇಂದ್ರನ ಶೂ ಎಂದು ನೀವು ಮೆಚ್ಚಿಕೊಂಡ ಆ ಚೂಪು ಮೂತಿಯ ಶೂ ಅವನ ಭಾವನ ಮದುವೆಯದು. ಅವನ ಕಾಲಿಗೆ ಅದು ಹತ್ತುವುದೂ ಇಲ್ಲ. ಜೂನ್‌ನಿಂದ ಅದು ಸ್ಟ್ಯಾಂಡಿನಲ್ಲೇ ಸಂಸಾರ ಹೂಡಿದೆ. ಯೋಗೇಂದ್ರ ಹವಾಯಿ ಚಪ್ಪಲಿಯಲ್ಲಿ ಬಂದು, ಅದನ್ನು ನೀರಿನ ಟ್ಯಾಂಕಿನ ಹಿಂದೆ ಅಡಗಿಸಿ, ಬರಿಗಾಲಲ್ಲಿ ಒಳಗೆ ಬರುತ್ತಾನೆ. ಆಗಸ್ಟಿನಲ್ಲಿ ಆ ಶೂಗೆ ಬಿಳಿ ಬೂಷ್ಟು ಬಂದಿತ್ತು. ಒಂದು ದಿನ ಒರೆಸಲು ಎತ್ತಿದರೆ ಒಳಗಿನಿಂದ ಕಪ್ಪೆ ಹಾರಿತು. "ಮಾರಾಯ್ತಿ, ನಾನು ರಜ ಹಾಕಿದ ದಿನ ನನ್ನ ಬದಲಿಗೆ ಡ್ಯೂಟಿ ಮಾಡಿದ್ದು ಇದೇ ಇರ್ಬೇಕು" ಎಂದು ಯೋಗೇಂದ್ರ ನಕ್ಕ. ನಕ್ಕಿದ್ದು ನಿಜ, ರಜ ಹಾಕಿದ್ದೂ ನಿಜ. ಆ ದಿನವೂ ಗ್ರೂಪಿನಲ್ಲಿ ನಿಮ್ಮ ಹೆಬ್ಬೆರಳು ಎದ್ದಿತ್ತು.

ಈ ನಾಟಕದಲ್ಲಿ ನಾನೂ ಪಾತ್ರ ಮಾಡುತ್ತಿದ್ದೆ. ಆದರೆ ನನ್ನ ಹಿಮ್ಮಡಿಗೆ ನಟಿಸಲು ಬರುವುದಿಲ್ಲ.

ನೀವು ಕಟ್ಟಿಸಿದ ಕೌಂಟರ್ ಎದೆಮಟ್ಟ ಇದೆ. ಕುರ್ಚಿ ಕೊಟ್ಟಿದ್ದೀರಿ, ಇಲ್ಲ ಅನ್ನುವುದಿಲ್ಲ. ಅದರಲ್ಲಿ ಕೂತರೆ ಅರ್ಜಿದಾರರಿಗೆ ಕಾಣುವುದು ನನ್ನ ಬೈತಲೆ ಮಾತ್ರ. ಹಾಗಾಗಿ ಹತ್ತರಿಂದ ಐದೂವರೆ ತನಕ ನಿಲ್ಲುತ್ತೇವೆ. ಅದೂ ಮಳೆಗಾಲದ ಟೈಲ್ಸ್ ಮೇಲೆ, ಬರಿಗಾಲಲ್ಲಿ. ಜುಲೈ ಹೊತ್ತಿಗೆ ಬೆಳಿಗ್ಗೆ ಹಾಸಿಗೆಯಿಂದಿಳಿದು ಮೊದಲ ಹೆಜ್ಜೆ ಊರಿದರೆ ಹಿಮ್ಮಡಿಯೊಳಗೆ ಯಾರೋ ಮೊಳೆ ಹೊಡೆದ ಹಾಗಾಗುತ್ತಿತ್ತು. ಬಚ್ಚಲಿಗೆ ಗೋಡೆ ಹಿಡಿದು ಹೋಗುತ್ತಿದ್ದೆ. ಶಿವಮೊಗ್ಗದ ಮೂಳೆ ಡಾಕ್ಟರು ನೋಡಿ, ಅಂಗಾಲಿನ ನರಪಟ್ಟಿ ಊದಿಕೊಂಡಿದೆ, ಹೀಗೇ ನಿಂತರೆ ವಾಸಿಯಾಗುವುದಿಲ್ಲ ಅಂದರು. ಗಟ್ಟಿ ನೆಲದ ಮೇಲೆ ಬರಿಗಾಲು ಬೇಡವೇ ಬೇಡ, ಮನೆಯೊಳಗೂ ಮೆತ್ತನೆಯ ಚಪ್ಪಲಿ, ಕೆಲಸಕ್ಕೆ ಹಿಮ್ಮಡಿಗೆ ಮೆತ್ತೆ ಇರುವ, ಬೆರಳಿಗೆ ಜಾಗ ಇರುವ ಶೂ ಎಂದು ಬರೆದುಕೊಟ್ಟರು. ಆ ಚೀಟಿಯನ್ನು ಅರ್ಜಿಯ ಜೊತೆ ಲಗತ್ತಿಸಿ ನಿಮಗೆ ಕಳಿಸಿದೆ. 'ಪರಿಶೀಲನೆಯಲ್ಲಿದೆ' ಎಂದು ಉತ್ತರ ಬಂತು. ಮೂರು ತಿಂಗಳಾಯಿತು. ಒಂದು ಜೊತೆ ಹಿಮ್ಮಡಿಯನ್ನು ಮೂರು ತಿಂಗಳು ಪರಿಶೀಲಿಸುತ್ತಿದ್ದೀರೆಂದರೆ ನಿಮ್ಮ ಶ್ರದ್ಧೆ ದೊಡ್ಡದು.

ನಮ್ಮತ್ತೆ ವೆಂಕಮ್ಮನವರಿಗೆ ಎಪ್ಪತ್ತೆಂಟು ವರ್ಷ. ಮನೆಯೊಳಗೆ ಚಪ್ಪಲಿ ಎಂಬ ಮಾತು ಕೇಳಿಯೇ ಅವರು ಕೂತಲ್ಲಿಂದ ಎದ್ದರು. "ಎಂಥದೇ ಇದು? ದೇವ್ರು ಇರೋ ಮನೇಲಿ ಮೆಟ್ಟು ಹಾಕ್ಕಂಡು ತಿರುಗ್ತೀಯಾ? ನಾಳೆ ಅಡುಗೆ ಒಲೆ ಮೇಲೂ ಹತ್ತಿಸ್ತೀಯಾ?" ಎಂದು ಜಗಳ ತೆಗೆದರು. ಮೊದಲ ದಿನ ಮಾತು ಬಿಟ್ಟರು. ಎರಡನೇ ದಿನ ನಾನು ಗೋಡೆ ಹಿಡಿದು ನಡೆಯುವುದನ್ನು ಸುಮ್ಮನೆ ನೋಡಿದರು. ಮೂರನೇ ದಿನ ಚಪ್ಪಲಿಯನ್ನು ತಾವೇ ತೊಳೆದು ಒಣಗಿಸಿ, "ದೇವರ ಕೋಣೆಗೆ ಬೇಡ, ಅಡುಗೆ ಮನೆಗೆ ಬೇಡ, ಉಳಿದಿದ್ದು ನಿನ್ನಿಷ್ಟ" ಎಂದು ಆದೇಶ ಹೊರಡಿಸಿದರು. ಮುಂದಿನ ವಾರ ನಾನು ಬೇಗ ಮನೆಗೆ ಬಂದರೆ, ಅವರೇ ಅದನ್ನು ಮೆಟ್ಟಿಕೊಂಡು ನಡುಮನೆಯಲ್ಲಿ ಆಚೆಯಿಂದೀಚೆ ಓಡಾಡುತ್ತಿದ್ದರು. ನನ್ನನ್ನು ಕಂಡು, "ಎಂಥ ನೋಡ್ತೀಯಾ? ಮೆತ್ತಗಿದ್ಯಾ ಅಂತ ನೋಡ್ದೆ" ಅಂದರು. ಸಂಪ್ರದಾಯಕ್ಕೆ ಮೂರು ದಿನ ಸಾಕಾಯಿತು. ಆಧುನಿಕ ಆಡಳಿತಕ್ಕೆ ಮೂರು ತಿಂಗಳೂ ಸಾಲಲಿಲ್ಲ. ನಮ್ಮಲ್ಲಿ ಮಡಿವಂತರು ಯಾರು ಸ್ವಾಮಿ?

ಇನ್ನು ಶೂ ಹುಡುಕಾಟ. ನೋಡಲು ನಿಮಗೂ ಒಪ್ಪಬೇಕು, ನಡೆಯಲು ನನಗೂ ಒಗ್ಗಬೇಕು. ಇಷ್ಟು ಸಣ್ಣ ಆಸೆ ಹೊತ್ತು ಮೂರು ಪೇಟೆ ತಿರುಗಿದೆ. ಕೊಪ್ಪದಲ್ಲಿ ಚಪ್ಪಲಿ ಅಂಗಡಿ ಇಟ್ಟಿರುವ ಸುಂದರೇಶ್ ಪರಿಚಯದವರು. ವಿಷಯ ಪೂರ್ತಿ ಕೇಳಿ, "ಅಕ್ಕಾ, ಒಂದು ಮಾತು ಸರಿಯಾಗಿ ಹೇಳಿ. ಶೂ ಬೇಕಾಗಿದ್ದು ಆಫೀಸಿಗಾ, ಕಾಲಿಗಾ?" ಎಂದರು. ಎರಡಕ್ಕೂ ಅಂದೆ. "ಹಂಗಾದ್ರೆ ಇಲ್ಲ" ಅಂದುಬಿಟ್ಟರು. ಅವರಲ್ಲಿ ತೋಟದ ಕೆಲಸಕ್ಕೆ ಗಂಬೂಟು ಇತ್ತು, ಮಕ್ಕಳಿಗೆ ಸ್ಕೂಲ್ ಶೂ ಇತ್ತು, ಮದುವೆಗೆ ಮಿಣುಕು ಚಪ್ಪಲಿ ಇತ್ತು. ಹೆಂಗಸರ ಆಫೀಸು ಶೂ ಎಂದು ತೆಗೆದಿದ್ದು ಎರಡು ಬೆರಳು ಹಿಡಿಸುವಷ್ಟು ಅಗಲ, ಹಪ್ಪಳದಷ್ಟು ದಪ್ಪ ಅಟ್ಟೆ. ಹೆಂಗಸರಿಗೆ ಕಾಲಿನಲ್ಲಿ ಐದು ಬೆರಳಿರುತ್ತದೆ ಎಂಬ ಸುದ್ದಿ ಆ ಕಾರ್ಖಾನೆಗೆ ಇನ್ನೂ ತಲುಪಿಲ್ಲ. ಶೃಂಗೇರಿಗೆ ಹೋದೆ. ಅಲ್ಲಿನ ಅಂಗಡಿಯವನು ನಕ್ಕ: "ಇಲ್ಲಿ ದೇವಸ್ಥಾನದ ಹತ್ರ ಚಪ್ಪಲಿ ಕಳ್ಕೊಂಡವರೇ ನಮ್ಮ ಗಿರಾಕಿಗಳು. ಬಸ್ ಹತ್ತೋ ತನಕ ಬಂದ್ರೆ ಸಾಕು ಅವರಿಗೆ." ನರಸಿಂಹರಾಜಪುರದ ಮೆಡಿಕಲ್ ಸ್ಟೋರಿನಲ್ಲಿ ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ ಸಿಕ್ಕಿತು. ಹಾಕಿದೊಡನೆ ಕಣ್ಣಲ್ಲಿ ನೀರು ಬಂತು, ಅಷ್ಟು ಹಿತ. ಆದರೆ ಬಣ್ಣ ಹಳೆಯ ಮಾತ್ರೆಯದು, ಆಕಾರ ಇಟ್ಟಿಗೆಯದು. ಇದನ್ನು ಸ್ಟ್ಯಾಂಡಿನಲ್ಲಿಟ್ಟು ಫೋಟೊ ಕಳಿಸಿದರೆ ಸಾಹೇಬರ ರಕ್ತದೊತ್ತಡ ಏರೀತೆಂದು ಮನೆಗೆ ಮಾತ್ರ ಇಟ್ಟುಕೊಂಡೆ.

ಕೊನೆಗೆ ದಾರಿ ತೋರಿಸಿದ್ದು ಅಂಗಡಿಯೇ ಇಲ್ಲದವನು. ಕೊಪ್ಪದ ಬಸ್ ನಿಲ್ದಾಣದ ಹತ್ತಿರ ನೀಲಿ ಟಾರ್ಪಾಲಿನ ಕೆಳಗೆ ಚಪ್ಪಲಿ ಹೊಲಿಯುವ ಕುಮಾರ. ಅವನು ಕೇಳಿದ ಮೊದಲ ಪ್ರಶ್ನೆ: "ಎಲ್ಲಿ ನೋವು?" ಹೆಬ್ಬೆರಳಿನಿಂದ ಹಿಮ್ಮಡಿ ಒತ್ತಿ ಜಾಗ ಹುಡುಕಿದ. ಹಳೆಯ ಪೇಪರಿನ ಮೇಲೆ ನನ್ನ ಪಾದ ಇಡಿಸಿ, ಪೆನ್ಸಿಲ್‌ನಲ್ಲಿ ಗೆರೆ ಎಳೆದ, ನೋವಿರುವಲ್ಲಿ ಒಂದು ಸೊನ್ನೆ ಬರೆದ. ಗಂಡಸರ ಅಳತೆಯ ಸಾದಾ ಕಪ್ಪು ಶೂ ತರಿಸಿ, ಒಳಗಿನ ಅಟ್ಟೆ ಕಿತ್ತು, ಎಂಸಿಆರ್ ರಬ್ಬರ್ ಕತ್ತರಿಸಿ ಕೂರಿಸಿ, ಆ ಸೊನ್ನೆಯ ಜಾಗದಲ್ಲಿ ಸಣ್ಣ ಗುಳಿ ತೋಡಿದ. ನಾಲ್ಕು ದಿನದಲ್ಲಿ ಕೊಟ್ಟ. ಹೊಳೆಯುತ್ತದೆ, ಕಚ್ಚುವುದಿಲ್ಲ, ಹಿಮ್ಮಡಿ ಮೋಡದ ಮೇಲೆ ಕೂತ ಹಾಗಿರುತ್ತದೆ. ಒಳಗೆ ಬಿಡುವುದಿಲ್ಲ ಕಣೋ, ಸ್ಟ್ಯಾಂಡಿನಲ್ಲೇ ಬಿಡಬೇಕು ಎಂದು ನಾನು ಹೇಳಿದಾಗ ಅವನು ಶೂವನ್ನು ಚೀಲಕ್ಕೆ ಹಾಕದೆ ನನ್ನ ಕಾಲ ಬಳಿಯೇ ಇಟ್ಟ.

"ಅಕ್ಕಾ, ನಮ್ಮಪ್ಪ ಊರಿಗೆಲ್ಲ ಮೆಟ್ಟು ಹೊಲಿದು ಕೊಡ್ತಿದ್ದ. ದೊಡ್ಡೋರ ಮನೆ ಮುಂದೆ ಹೋಗುವಾಗ ಮಾತ್ರ ತನ್ನದನ್ನ ಬಿಚ್ಚಿ ಕೈಲಿ ಹಿಡ್ಕೊಂಡು ಹೋಗ್ತಿದ್ದ. ನಾನು ಹೊಲಿದಿದ್ದನ್ನ ನೀವು ಹಾಕ್ಕೊಂಡೇ ಹೋಗಿ."

ಹಾಕಿಕೊಂಡೇ ಹೋದೆ. ಹೋದ ಸೋಮವಾರ ಬಾಗಿಲಲ್ಲಿ ಒದ್ದೆ ಬಟ್ಟೆಯಿಂದ ಅಟ್ಟೆ ಒರೆಸಿ, ಒಣಗಿಸಿ, ಒಂದು ಚೂರು ಮಣ್ಣಿಲ್ಲದಂತೆ ಒಳಗೆ ಹೋದೆ. ಐದು ತಿಂಗಳಲ್ಲಿ ಮೊದಲ ಬಾರಿಗೆ ಮಧ್ಯಾಹ್ನದವರೆಗೆ ನಗುತ್ತ ಕೆಲಸ ಮಾಡಿದೆ. ಹತ್ತೂಕಾಲಿನ ಫೋಟೊದಲ್ಲಿ ಮೂರೇ ಜೊತೆ ಕಂಡು ನೀವು ಮೊದಲ ನೋಟಿಸ್ ಬರೆಸಿದಿರಿ. ಅಷ್ಟಕ್ಕೇ ತಡೆಯಲಾರದೆ ಮಧ್ಯಾಹ್ನ ಜೀಪಿನಲ್ಲಿ ನೀವೇ ಬಂದಿರಿ.

"ಏನಮ್ಮಾ, ಹೊರಗಿರೋ ಬೋರ್ಡ್ ಓದಕ್ಕೆ ಬರಲ್ವಾ?" ಅಂದಿರಿ.

"ಬರುತ್ತೆ ಸಾರ್, ಅದನ್ನ ಬರೆದಿದ್ದೇ ನಾನು" ಅಂದೆ.

"ಮತ್ತೆ ಶೂ ಯಾಕೆ ಒಳಗಿದೆ?"

"ಕಾಲು ಒಳಗಿದೆ ಸಾರ್, ಅದಕ್ಕೆ."

ಮೂಲೆಯಲ್ಲಿ ಅರ್ಪಣಾ, ನಮ್ಮ ಮೂರನೇ ಕೌಂಟರಿನವಳು, ಕೆಮ್ಮಿದಳು. ಅದು ಕೆಮ್ಮಲ್ಲ, ನಿಮಗೂ ಗೊತ್ತು. "ಅಷ್ಟು ನೋವಿದ್ರೆ ಮನೇಲಿರಿ" ಎಂದು ತಿರುಗಿ ಹೊರಟಿರಿ. ಬಾಗಿಲಿನಿಂದ ನನ್ನ ಕೌಂಟರಿನವರೆಗೆ, ಅಲ್ಲಿಂದ ಮತ್ತೆ ಬಾಗಿಲಿನವರೆಗೆ, ಬಿಳಿ ಟೈಲ್ಸ್ ಮೇಲೆ ಕೆಂಪು ಮಣ್ಣಿನ ಹೆಜ್ಜೆ ಸಾಲು. ಎಣಿಸಿದೆ, ಇಪ್ಪತ್ತಾರು. ನಿಮ್ಮ ಕಾಲಲ್ಲಿ ಬೂಟಿತ್ತು ಸ್ವಾಮಿ. ಅದನ್ನು ಒರೆಸಿದ್ದು ಅರ್ಪಣಾ, ಮಂಡಿಯೂರಿ, ಬರಿಗಾಲಲ್ಲಿ. ಸಂಜೆಯೊಳಗೆ ನನಗೆ ಎರಡನೇ ನೋಟಿಸ್ ಬಂತು. ನಿಮಗೆ ನೀವೇ ಒಂದು ಕೊಟ್ಟುಕೊಂಡಿರೋ ಇಲ್ಲವೋ ತಿಳಿಯದು.

ಇದು ಒಬ್ಬಳ ಹಿಮ್ಮಡಿಯ ಗೋಳು ಎಂದು ಬದಿಗೆ ಸರಿಸುತ್ತೀರಿ, ಗೊತ್ತು. ಹಾಗಿದ್ದರೆ ಕರಿಯಕ್ಕನ ಮಾತು ಕೇಳಿ. ಬಸರೀಕಟ್ಟೆ ಕಡೆಯ ಕಾಫಿ ತೋಟದಲ್ಲಿ ಮೂವತ್ತು ವರ್ಷ ದುಡಿದ, ಈಗಲೂ ಕೂಲಿಗೆ ಹೋಗುವ ಹೆಂಗಸು. ನಿಂತುಹೋದ ಪಿಂಚಣಿ ಕೇಳಲು ಸೆಪ್ಟೆಂಬರಿನಲ್ಲಿ ಬಂದಿದ್ದಳು. ಹನ್ನೊಂದಕ್ಕೆ ಬಂದವಳು ಒಳಗೆ ಕಾಲಿಡದೆ ಮೆಟ್ಟಿಲ ಮೇಲೆ ಕೂತು, ಎರಡರ ಬಸ್ಸಿಗೆ ವಾಪಸ್ ಹೋಗಿದ್ದಳು. ಮರುವಾರ ಬಂದಾಗ ಯಾಕೆ ಎಂದು ಕೇಳಿದರೆ, "ಅಯ್ಯೋ, ಒಳಗೆ ದೊಡ್ಡೋರ ಮೀಟಿಂಗ್ ಇತ್ತಲ್ಲಮ್ಮಾ. ಬಾಗ್ಲಲ್ಲಿ ಮಿರಮಿರ ಅನ್ನೋ ಬೂಟ್ಸು ಸಾಲಾಗಿ ಇದ್ವು. ನಾವೆಲ್ಲ ಒಳಗೆ ನುಗ್ಗಕ್ಕಾಗುತ್ತಾ?" ಅಂದಳು. ಒಳಗೆ ಯಾವ ದೊಡ್ಡವರೂ ಇರಲಿಲ್ಲ. ನಾಲ್ಕು ಜನ ಬರಿಗಾಲಿನವರು ಯಾರೂ ಬಂದಿಲ್ಲವಲ್ಲ ಎಂದು ನೊಣ ಹೊಡೆಯುತ್ತಿದ್ದೆವು. ನಿಮ್ಮ ಸ್ಮಾರ್ಟುತನದ ಲಾಭ ಇಷ್ಟೇ: ಹೊರಗಿನವಳು ಖಾಲಿ ಶೂಗೆ ಹೆದರಿ ಒಳಗೆ ಬರಲಿಲ್ಲ, ಒಳಗಿನವರ ಕಾಲಿಗೆ ಅದು ಸಿಗಲಿಲ್ಲ. ಒಬ್ಬ ಬಡವಿಯ ಒಂದು ದಿನದ ಕೂಲಿ ಮುರಿಯಿತು. ಕಚೇರಿ ಯಾರಿಗೆಂದು ಕಟ್ಟಿದ್ದು? ಟೈಲ್ಸಿಗೋ, ಜನಕ್ಕೋ?

ಚಂದ ಕಾಣುವುದಕ್ಕೆ ನನ್ನ ವಿರೋಧವಿಲ್ಲ. ಒಳ್ಳೆಯ ಶೂ ಹಾಕಿ ತಲೆಯೆತ್ತಿ ನಿಲ್ಲುವ ಆಸೆ ನನಗೂ ಇದೆ. ಆದರೆ ಕಾಲು ಅಳುತ್ತಿರುವಾಗ ಮುಖ ಎಷ್ಟು ಹೊತ್ತು ನಗುತ್ತದೆ? ಸಂಜೆ ನಾಲ್ಕರ ಮೇಲೆ ಬಂದ ಅರ್ಜಿದಾರರ ಮೇಲೆ ನಾನು ರೇಗಿದ್ದುಂಟು. ಅದು ನನ್ನ ತಪ್ಪು, ಅವರೆಲ್ಲರ ಕ್ಷಮೆ ಕೇಳುತ್ತೇನೆ. ನೀವೂ ಕೇಳಿದರೆ ಅಂದವಾಗಿರುತ್ತದೆ.

ನಾನು ಕೇಳುವುದು ಹೆಚ್ಚೇನಲ್ಲ. ಎರಡೂ ಸುತ್ತೋಲೆ ವಾಪಸ್ ತೆಗೆದುಕೊಳ್ಳಿ. ಅಟ್ಟೆ ಒರೆಸಿಕೊಂಡು ಯಾರು ಬೇಕಾದರೂ ಒಳಗೆ ಬರಲಿ, ಕರಿಯಕ್ಕನೂ ಬರಲಿ, ನೀವೂ ಒರೆಸಿಕೊಂಡು ಬನ್ನಿ, ಅದಕ್ಕೆ ಬಾಗಿಲಲ್ಲೊಂದು ಗೋಣಿಚೀಲ ಸಾಕು. ಕೌಂಟರಿನ ಎತ್ತರಕ್ಕೆ ಸರಿಯಾಗುವ ನಾಲ್ಕು ಸ್ಟೂಲು ಕೊಡಿ. ಶೂ ಎಂಥದಿರಬೇಕೆಂದು ಅದನ್ನು ಹಾಕುವ ಕಾಲು ತೀರ್ಮಾನಿಸಲಿ. ಇದು ಆಗದು ಎಂದಾದರೆ ನನ್ನನ್ನು ಕಿತ್ತುಹಾಕಿ. ಆದರೆ ಆ ಆದೇಶದಲ್ಲಿ ಕಾರಣ ಒಂದೇ ಒಂದು ಬರೆಯಿರಿ, ಶೂ ಹಾಕಿದ್ದಕ್ಕೋ ಹಾಕದೇ ಇದ್ದಿದ್ದಕ್ಕೋ. ಎರಡನ್ನೂ ಬರೆದರೆ ನಾನು ಕೋರ್ಟಿಗೆ ಹೋಗುವ ಮೊದಲು ಜನ ನಗುತ್ತಾರೆ.

ಒಂದು ಸುದ್ದಿಯನ್ನು ಮುಂಚಿತವಾಗಿ ತಿಳಿಸುವುದು ಧರ್ಮ. ಬುಧವಾರ ಸಂಜೆ ಯೋಗೇಂದ್ರ, ಅರ್ಪಣಾ, ನಾಲ್ಕನೇ ಕೌಂಟರಿನ ಪ್ರದೀಪ, ಮೂವರೂ ಟಾರ್ಪಾಲಿನ ಕೆಳಗೆ ಸಾಲಾಗಿ ಕೂತು ಪೇಪರಿನ ಮೇಲೆ ಪಾದದ ಗೆರೆ ಎಳೆಸಿಕೊಂಡು ಬಂದಿದ್ದಾರೆ. ಸೋಮವಾರದೊಳಗೆ ಮುಗಿಸಿಕೊಡುತ್ತೇನೆಂದು ಕುಮಾರ ಮಾತು ಕೊಟ್ಟಿದ್ದಾನೆ. ಹಾಗಾಗಿ ಸೋಮವಾರ ಹತ್ತೂಕಾಲಿಗೆ ಗ್ರೂಪಿಗೆ ಬರುವ ಫೋಟೊದಲ್ಲಿ ಸ್ಟ್ಯಾಂಡ್ ಖಾಲಿ ಇರುತ್ತದೆ. ಗಾಬರಿಯಾಗಬೇಡಿ, ಯಾರೂ ಗೈರುಹಾಜರಾಗಿಲ್ಲ. ಕೌಂಟರಿಗೆ ಬನ್ನಿ, ನಾಲ್ವರೂ ನಿಂತಿರುತ್ತೇವೆ.

ಇಂತಿ,
ಎರಡು ನೋಟಿಸಿಗೆ ಒಂದೇ ಜೊತೆ ಕಾಲಿರುವ,
ಶಿಲ್ಪಶ್ರೀ
ಕೌಂಟರ್ ನಂಬರ್ ಎರಡು, ಕೊಪ್ಪ
ಈ ತಿಂಗಳ ಮೂವತ್ತರವರೆಗಂತೂ