ಸೂರ್ಯನ ಮೇಲೆ ಹೊರಿಸಿದ ಹೊಗೆ

ಮಾನ್ಯ ವಾಯುಮಾಲಿನ್ಯ ನಿಯಂತ್ರಣಾಧಿಕಾರಿಗಳೇ,

ನನಗೆ ಭಯವಾಗಿದೆ. ಹಿಂದಿನ ಮೂರು ಅರ್ಜಿಗಳಲ್ಲಿ ಅಳತೆ, ನಕ್ಷೆ, ದಿನಾಂಕ ಎಲ್ಲವನ್ನೂ ಬರೆದೆ, ಇದೊಂದನ್ನು ಬರೆಯಲಿಲ್ಲ. ಅವುಗಳಿಗೆ ತಾವು ದಯಪಾಲಿಸಿದ ಉತ್ತರ ಒಂದೇ ಸಾಲಿನದು: "ಸದರಿ ಅನಿಲವು ಸೂರ್ಯನ ಬೆಳಕಿನಲ್ಲಿ ಕಂಡುಬಂದಿರುವುದರಿಂದ ವಿಷಯವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ." ಸೂರ್ಯನವರೆಗೆ ತಮ್ಮ ವ್ಯಾಪ್ತಿ ಇಲ್ಲವೆಂದು ಒಪ್ಪಿಕೊಂಡ ವಿನಯಕ್ಕೆ ಕೈಮುಗಿಯುತ್ತೇನೆ. ನನ್ನ ಮಗಳ ಶಾಲೆಯ ಮೈದಾನದವರೆಗಾದರೂ ಇದೆಯೇ?

ನಾನು ಇಪ್ಪತ್ತೆರಡು ವರ್ಷಗಳಿಂದ ಸೌರ ವೀಕ್ಷಣಾಲಯದಲ್ಲಿ ಕೆಲಸ ಮಾಡುವವಳು. ಸೂರ್ಯನೂ ಒಂದು ನಕ್ಷತ್ರವೇ. ಅದರ ಬೆಳಕನ್ನು ಸಣ್ಣ ಸೀಳಿನಿಂದ ಒಳಗೆ ಬಿಟ್ಟು ಬಣ್ಣಬಣ್ಣವಾಗಿ ಹರಡಿದರೆ ನಡುನಡುವೆ ಕಪ್ಪು ಗೆರೆಗಳು ಕಾಣುತ್ತವೆ. ಕಬ್ಬಿಣ, ಸೋಡಿಯಂ, ಕ್ಯಾಲ್ಸಿಯಂ, ಒಂದೊಂದೂ ತನ್ನ ಪಾಲಿನ ಬೆಳಕನ್ನು ನುಂಗಿ ತನ್ನದೇ ಗೆರೆಗಳನ್ನು ಉಳಿಸಿರುತ್ತದೆ. ಗೆರೆ ಎಷ್ಟು ಗಾಢವೆಂದು ಅಳೆದು, ಆ ವಸ್ತು ಎಷ್ಟಿದೆಯೆಂದು ಹೇಳುವುದು ನನ್ನ ಕೆಲಸ.

ಎರಡು ತಿಂಗಳ ಹಿಂದೆ ನೀಲಿ ಭಾಗದಲ್ಲಿ ಯಾವತ್ತೂ ಇಲ್ಲದ ಗೆರೆಗಳ ಗುಂಪೊಂದು ಕಂಡಿತು. ಕುಣಿದಾಡಿದೆ. ಸೂರ್ಯನಲ್ಲಿ ಹೊಸತೇನೋ ಸಿಕ್ಕಿತೆಂದು ಮೂರು ವಾರ ಊಟದ ಪರಿವೆಯಿಲ್ಲದೆ ಲೇಖನ ಬರೆದೆ. ಅದೇ ಮೂರು ವಾರ ನನ್ನ ಒಂಬತ್ತು ವರ್ಷದ ಮಗಳು, "ಅಮ್ಮಾ, ಬೆಳಿಗ್ಗೆ ಮೈದಾನದಲ್ಲಿ ಓಡಿದ್ರೆ ಎದೆ ಉರಿಯುತ್ತೆ" ಅನ್ನುತ್ತಿದ್ದಳು. "ನೀರು ಕುಡಿ, ಸರಿಹೋಗುತ್ತೆ" ಅಂದೆ. ತಲೆ ಎತ್ತಿ ಅವಳ ಮುಖವನ್ನೂ ನೋಡಲಿಲ್ಲ.

ನನ್ನ ಕಣ್ಣು ತೆರೆಸಿದವರು ನಮ್ಮಲ್ಲಿ ಸೂರ್ಯನ ಬೆಳಕನ್ನು ಒಳಗೆ ತಿರುಗಿಸುವ ಕನ್ನಡಿ ಒರೆಸುವ ಹಿರಿಯರು. ಎಲ್ಲರಿಗೂ ಅವರು ಕನ್ನಡಿ ಮಾವ. "ವರ್ಷಕ್ಕೊಂದ್ಸಲ ಮಬ್ಬಾಗೋ ಕನ್ನಡಿ ಈಗ ಹದಿನೈದು ದಿನಕ್ಕೇ ಮಬ್ಬಾಗ್ತಿದೆ. ನಿನ್ನ ಲೇಖನ ಆಮೇಲಿರ್ಲಿ, ಸೂರ್ಯನ್ನ ಅಂಚಿಂದ ಅಂಚಿಗೆ ಒಂದ್ಸಲ ನೋಡಿಬಿಡಮ್ಮ" ಅಂದರು. ಅದು ನಮ್ಮ ಕಸುಬಿನ ಮೊದಲ ಪಾಠ. ಸೂರ್ಯ ತನ್ನ ಸುತ್ತ ತಿರುಗುವುದರಿಂದ ಒಂದು ಅಂಚು ನಮ್ಮತ್ತ ಬರುತ್ತಿರುತ್ತದೆ, ಇನ್ನೊಂದು ದೂರ ಸರಿಯುತ್ತಿರುತ್ತದೆ. ಹಾಗಾಗಿ ಸೂರ್ಯನಲ್ಲಿ ಹುಟ್ಟಿದ ಗೆರೆ ಈ ಅಂಚಿನಿಂದ ಆ ಅಂಚಿಗೆ ಹೋದಾಗ ಕೂದಲೆಳೆಯಷ್ಟು ಜರುಗುತ್ತದೆ. ನಮ್ಮ ಗಾಳಿಯಲ್ಲಿ ಹುಟ್ಟಿದ್ದು ಜರುಗುವುದಿಲ್ಲ. ನೋಡಿದೆ. ಕಬ್ಬಿಣದ ಗೆರೆಗಳು ಜರುಗಿದವು. ನನ್ನ ಹೊಸ ಗೆರೆಗಳು ನಿಂತಲ್ಲೇ ನಿಂತಿದ್ದವು. ಅವು ನಮ್ಮ ಗಾಳಿಯವು.

ಅದು ನೈಟ್ರೋಜನ್ ಡೈಆಕ್ಸೈಡ್, ಎದೆ ಉರಿಸುವ ವಿಷಾನಿಲ. ಬೆಳಗಿನ ಬೆಳಕು ಆಮ್ಲದ ಕಾರ್ಖಾನೆಯ ಮೇಲಿಂದ, ಶಾಲೆಯ ಮೈದಾನದ ಮೇಲಿಂದ ಹಾದು ನಮ್ಮ ಕನ್ನಡಿಗೆ ಬೀಳುತ್ತದೆ. ಮಧ್ಯಾಹ್ನ ಸೂರ್ಯ ಆಚೆ ಬದಿಗೆ ಹೋದರೆ ಗೆರೆಗಳು ಮಸುಕಾಗುತ್ತವೆ. ದುರಸ್ತಿಗೆಂದು ಕಾರ್ಖಾನೆ ಮುಚ್ಚಿದ್ದ ನಾಲ್ಕು ದಿನ ಗೆರೆಗಳೂ ಇರಲಿಲ್ಲ, ಮಗಳ ಎದೆಯುರಿಯೂ ಇರಲಿಲ್ಲ. ಐದನೆಯ ದಿನ ಎರಡೂ ಹಾಜರು. ಸೂರ್ಯನೂ ದುರಸ್ತಿಗೆಂದು ರಜೆ ಹಾಕಿದ್ದನೇ ಸ್ವಾಮಿ?

ತಮ್ಮ ಗುಮಾಸ್ತರು ಸಮಾಧಾನ ಹೇಳಿದರು: "ನಮ್ಮ ಮಾಪಕದಲ್ಲಿ ಏನೂ ಇಲ್ವಲ್ಲ ಮೇಡಂ, ಸುಮ್ನೆ ಯಾಕೆ ತಲೆ ಕೆಡಿಸ್ಕೋತೀರಾ?" ಆ ಮಾಪಕ ಇರುವುದು ಊರಿನ ಇನ್ನೊಂದು ತುದಿಯಲ್ಲಿ, ತಮ್ಮದೇ ಕಚೇರಿಯ ತಾರಸಿಯ ಮೇಲೆ. ತಾವು ಉಸಿರಾಡುವ ಗಾಳಿ ಚೆನ್ನಾಗಿದೆಯೆಂದು ತಿಳಿದು ಸಂತೋಷವಾಯಿತು.

ಮಗಳನ್ನು ಮನೆಯಲ್ಲಿ ಉಳಿಸಿಕೊಂಡಿದ್ದೇನೆ. ಉಳಿದ ಮುನ್ನೂರು ಮಕ್ಕಳು ಇಂದೂ ಬೆಳಿಗ್ಗೆ ಕವಾಯತಿಗೆ ನಿಂತಿದ್ದರು. ಅವರು ಒಂದು, ಎರಡು ಎಂದು ಕೂಗುವುದು ನನ್ನ ಕತ್ತಲೆ ಕೋಣೆಗೆ ಕೇಳಿಸುತ್ತದೆ. ಹೆಡ್‌ಮೇಡಂ ನನ್ನ ಮಾತು ನಂಬುತ್ತಾರೆ, ಆದರೆ ತಮ್ಮ ಆದೇಶವಿಲ್ಲದೆ ಶಾಲೆ ಮುಚ್ಚುವ ಹಾಗಿಲ್ಲವಂತೆ. ಇಂದಿನ ಗೆರೆ ಈವರೆಗಿನ ಎಲ್ಲಕ್ಕಿಂತ ಗಾಢವಾಗಿತ್ತು.

ನಾಳೆ ಬೆಳಿಗ್ಗೆ ತಮ್ಮ ಮಾಪಕ ಹಿಡಿದು ಬನ್ನಿ. ಕವಾಯತು ಮುಗಿಯುವವರೆಗೆ ಮೈದಾನದ ನಡುವೆ ನಿಲ್ಲಿ. ಆ ಅಳತೆಯ ವರದಿ ಕೈಸೇರುವವರೆಗೆ ಕಾರ್ಖಾನೆಯ ಚಿಮಣಿ ನಿಲ್ಲಿಸಿ. ನನ್ನ ಅಳತೆ ತಪ್ಪೆಂದವರ ಜೊತೆ ಇಪ್ಪತ್ತೆರಡು ವರ್ಷ ಜಗಳವಾಡಿದ್ದೇನೆ. ಈ ಒಂದು ಅಳತೆ ತಪ್ಪೆಂದು ತೋರಿಸಿಕೊಡಿ, ತಮ್ಮ ಕಾಲಿಗೆ ಬೀಳುತ್ತೇನೆ.

ಇಂತಿ,
ಆ ಗೆರೆಗಳನ್ನು ಕಂಡು ಮೂರು ವಾರ ಖುಷಿಪಟ್ಟ ತಾಯಿ